ವೈದ್ಯನ ಮೇಲೆಯೇ ಸಂಶಯ ಬಂದಾಗ ಆಸ್ಪತ್ರೆ ನಡೆದುಕೊಳ್ಳಬೇಕಾದ ರೀತಿ

ಅಮೆರಿಕದ ವೈದ್ಯ ಮೈಕೆಲ್ ಸ್ವಾಂಗೋ 2000ನೆಯ ಇಸವಿಯಲ್ಲಿ ನಾಲ್ವರು ರೋಗಿಗಳನ್ನು ಕೊಂದುದಾಗಿ ನ್ಯಾಯಾಲಯಗಳ ಮುಂದೆ ಒಪ್ಪಿಕೊಂಡ. ಅವನಿಂದ ಸತ್ತವರು 60 ಮಂದಿಯವರೆಗೂ ಇರಬಹುದು ಎಂಬುದು ಎಫ್‌ಬಿಐ ಅಂದಾಜು. ಅದಕ್ಕೂ 15 ವರ್ಷ ಮೊದಲು, 1985ರಲ್ಲೇ, ಸಹೋದ್ಯೋಗಿಗಳ ತಿಂಡಿ-ಪಾನೀಯಗಳಿಗೆ ಆರ್ಸೆನಿಕ್ ಬೆರೆಸಿದ ಅಪರಾಧಕ್ಕಾಗಿ ಅವನಿಗೆ 5 ವರ್ಷಗಳ ಶಿಕ್ಷೆಯಾಗಿತ್ತು. ಬಿಡುಗಡೆಯಾಗಿ ಬಂದ ಮೇಲೆ ಅಮೆರಿಕದ ಎರಡು ವೈದ್ಯಕೀಯ ಶಿಕ್ಷಣ ಸಂಸ್ಥೆಗಳೂ ಜಿಂಬಾಬ್ವೆಯ ಆಸ್ಪತ್ರೆಗಳೂ ಅವನಿಗೆ ಮತ್ತೆ ಬಿಳಿ ಕೋಟು ತೊಡಿಸಿದವು. ಅವನು ಕೆಲಸ ಮಾಡಿದ ಕಡೆಗಳಲ್ಲಿ ಸಂಶಯಪಟ್ಟವರು ಇದ್ದೇ ಇದ್ದರು, ಆದರೆ ಅವರ ಸಂಶಯ ಮುಂದಿನ ಊರಿಗೆ ಅವನಿಗಿಂತ ಮೊದಲು ತಲುಪಲಿಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿಗಳು, ನರ್ಸಿಂಗ್ ಮೇಲ್ವಿಚಾರಕರು ಮತ್ತು ನೇಮಕ ಸಮಿತಿಯವರು ಅಂಥ ಸಂಶಯವನ್ನು ದಾಖಲಿಸುವುದು, ಪರೀಕ್ಷಿಸುವುದು ಮತ್ತು ದಾಟಿಸುವುದು ಹೇಗೆಂಬುದಷ್ಟೇ ಈ ಬರಹದ ವಿಷಯ.

ಕಂಡದ್ದನ್ನು ಅದೇ ಪಾಳಿಯಲ್ಲಿ ಬರೆದಿಡಿ

ಸ್ವಾಂಗೋ 1983ರಲ್ಲಿ ಕೊಲಂಬಸ್ ನಗರದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಶಸ್ತ್ರಚಿಕಿತ್ಸಾ ವಿಭಾಗದ ಇಂಟರ್ನ್ ಆಗಿ ಸೇರಿದ. ಚೇತರಿಸಿಕೊಳ್ಳುತ್ತಿದ್ದ ರೋಗಿಗಳು ಅವನು ಬಂದುಹೋದ ಮೇಲೆ ಇದ್ದಕ್ಕಿದ್ದಂತೆ ಕುಸಿಯುತ್ತಿದ್ದಾರೆ ಎಂಬುದನ್ನು ಮೊದಲು ಗಮನಿಸಿದವರು ನರ್ಸುಗಳು. 1984ರ ಫೆಬ್ರವರಿಯಲ್ಲಿ ಅವನು ಒಬ್ಬ ರೋಗಿಯ ಹಾಸಿಗೆಯ ಬಳಿ ಇದ್ದುದನ್ನು ನರ್ಸ್ ಒಬ್ಬರು ನೋಡಿದರು; ಸ್ವಲ್ಪ ಹೊತ್ತಿನಲ್ಲೇ ಆ ರೋಗಿಯ ಉಸಿರಾಟಕ್ಕೆ ತೊಂದರೆಯಾಯಿತು, ಬದುಕುಳಿದ ಮೇಲೆ ಆಕೆ ಯಾರೋ ತನ್ನ ಡ್ರಿಪ್ ನಳಿಕೆಗೆ ಏನನ್ನೋ ಚುಚ್ಚಿದರೆಂದು ತಿಳಿಸಿದರು. ಹಿರಿಯ ವೈದ್ಯರು ಅವಸರದಲ್ಲಿ ಒಳಗೊಳಗೇ ವಿಚಾರಣೆ ನಡೆಸಿ ಅವನನ್ನು ದೋಷಮುಕ್ತನೆಂದು ಘೋಷಿಸಿದರು. ನೋಡಿದವರು ನರ್ಸ್, ನೋಡಿಸಿಕೊಂಡವನು ಡಾಕ್ಟರ್ ಎಂಬ ಶ್ರೇಣಿಭೇದವೇ ಅಲ್ಲಿ ಅರ್ಧ ತೀರ್ಪು ಬರೆದಿತ್ತು ಎಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ಸಂಶಯ ಬಂದವರು ಮೊದಲು ಮಾಡಬೇಕಾದದ್ದು ಬರೆಯುವ ಕೆಲಸ. ದಿನಾಂಕ, ಗಂಟೆ-ನಿಮಿಷ, ಹಾಸಿಗೆಯ ಸಂಖ್ಯೆ, ಅಲ್ಲಿ ಇದ್ದವರು, ಅದಕ್ಕೆ ಮುಂಚೆ ದಾಖಲಾಗಿದ್ದ ನಾಡಿ ಮತ್ತು ರಕ್ತದೊತ್ತಡ, ಆಮೇಲೆ ಆದ ಬದಲಾವಣೆ, ಇಷ್ಟನ್ನು ಅದೇ ಪಾಳಿ ಮುಗಿಯುವ ಮೊದಲು ಬರೆದು ಸಹಿ ಹಾಕಬೇಕು. ಕಣ್ಣಾರೆ ಕಂಡದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಬೇರೆಬೇರೆಯಾಗಿ ಇಡಬೇಕು. "ಅವನೇ ಕೊಂದ" ಎಂಬಂಥ ನಿರ್ಣಯದ ಮಾತು ಬೇಡ, ಏಕೆಂದರೆ ಮುಂದೆ ವಕೀಲರು ಮೊದಲು ಹಿಡಿಯುವುದೇ ಅಂಥ ಮಾತನ್ನು. ಇಬ್ಬರು ನೋಡಿದ್ದರೆ ಇಬ್ಬರೂ ಪರಸ್ಪರ ಚರ್ಚಿಸದೆ ಪ್ರತ್ಯೇಕವಾಗಿ ಬರೆಯಬೇಕು, ಮೂಲಪ್ರತಿಯನ್ನು ಮೇಲಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.

ವಸ್ತುಸಾಕ್ಷ್ಯದ ವಿಷಯದಲ್ಲಿ ಇಲಿನಾಯ್ ರಾಜ್ಯದ ಕ್ವಿನ್ಸಿ ಎಂಬ ಊರಿನ ಆಂಬ್ಯುಲೆನ್ಸ್ ಸಿಬ್ಬಂದಿ ಆ ದೊಡ್ಡ ಆಸ್ಪತ್ರೆಗಿಂತ ಜಾಣರಾಗಿದ್ದರು. ಓಹಿಯೋ ಬಿಟ್ಟ ಸ್ವಾಂಗೋ 1984ರಲ್ಲಿ ಅವರ ಜೊತೆ ಕೆಲಸಕ್ಕೆ ಸೇರಿದ, ಅವನು ತಂದ ಡೋನಟ್ ತಿಂದವರಿಗೆಲ್ಲ ವಾಂತಿ ಶುರುವಾಯಿತು. ಅನುಮಾನಗೊಂಡ ಸಹೋದ್ಯೋಗಿಗಳು ಸಕ್ಕರೆ ಹಾಕದ ಚಹಾವನ್ನು ಅವನೊಬ್ಬನೇ ಇದ್ದ ಜಾಗದಲ್ಲಿ ಬಿಟ್ಟುಹೋದರು. ಮರಳಿ ಬಂದು ನೋಡಿದಾಗ ಅದು ಸಿಹಿಯಾಗಿತ್ತು. ಅದನ್ನು ಚೆಲ್ಲದೆ ಪ್ರಯೋಗಾಲಯಕ್ಕೆ ಕಳಿಸಿದ್ದರಿಂದ ಆರ್ಸೆನಿಕ್ ಪತ್ತೆಯಾಯಿತು, ಅಕ್ಟೋಬರ್‌ನಲ್ಲಿ ಅವನ ಬಂಧನವೂ ಆಯಿತು. ಬಲೆ ಒಡ್ಡುವ ಕೆಲಸವನ್ನು ಪೊಲೀಸರಿಗೇ ಬಿಡುವುದು ಮೇಲು, ರುಚಿ ನೋಡುವುದಂತೂ ಸಲ್ಲದು. ಆದರೆ ಸಿಕ್ಕ ಸಿರಿಂಜು, ಡ್ರಿಪ್ ಬಾಟಲಿ, ನಳಿಕೆ ಅಥವಾ ಆಹಾರದ ಉಳಿಕೆಯನ್ನು ಕೈಗವಸು ತೊಟ್ಟು ಪ್ರತ್ಯೇಕವಾಗಿ ಸೀಲ್ ಮಾಡಿ, ಎತ್ತಿದ ಹೊತ್ತನ್ನೂ ಎತ್ತಿದವರ ಹೆಸರನ್ನೂ ಅದರ ಮೇಲೆ ಬರೆದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಒಂದು ಹಾಳೆಯಲ್ಲಿ ದಾಖಲಿಸುತ್ತ ಹೋಗಬೇಕು. ರೋಗಿಯಿಂದ ಅಂದು ತೆಗೆದ ರಕ್ತ ಮತ್ತು ಮೂತ್ರದ ಮಾದರಿಗಳು ಪ್ರಯೋಗಾಲಯದಲ್ಲಿ ಇನ್ನೂ ಉಳಿದಿದ್ದರೆ ಎಸೆಯದಂತೆ ತಕ್ಷಣ ಲಿಖಿತ ಸೂಚನೆ ಕೊಡಬೇಕು.

ಲೆಕ್ಕ ಹಾಕುವಾಗ ಎಚ್ಚರ

ಬ್ರಿಟನ್ನಿನ ಹೈಡ್ ಪಟ್ಟಣದ ವೈದ್ಯ ಹೆರಾಲ್ಡ್ ಶಿಪ್‌ಮನ್ 15 ಕೊಲೆಗಳಿಗಾಗಿ 2000ದ ಜನವರಿಯಲ್ಲಿ ಶಿಕ್ಷೆಗೆ ಒಳಗಾದ. ಆಮೇಲಿನ ಸಾರ್ವಜನಿಕ ವಿಚಾರಣೆ ಅವನು ಕೊಂದವರ ಸಂಖ್ಯೆಯನ್ನು 215 ಎಂದು ನಿರ್ಣಯಿಸಿತು. ಅವನ ರೋಗಿಗಳ ಸಾವಿನ ಹೊತ್ತನ್ನು ಆಮೇಲೆ ಬೇರೆ ವೈದ್ಯರ ರೋಗಿಗಳ ಸಾವಿನ ಹೊತ್ತಿನೊಂದಿಗೆ ಹೋಲಿಸಿ ನೋಡಿದಾಗ, ಉಳಿದವರಲ್ಲಿ ದಿನವಿಡೀ ಹರಡಿಕೊಂಡಿದ್ದ ಸಾವುಗಳು ಇವನಲ್ಲಿ ಮಧ್ಯಾಹ್ನದ ಸುಮಾರಿಗೆ, ಅಂದರೆ ಅವನು ಮನೆಭೇಟಿಗೆ ಹೋಗುತ್ತಿದ್ದ ವೇಳೆಗೆ, ಗುಂಪುಗೂಡಿದ್ದುದು ಕಂಡುಬಂತು. ಎಣಿಕೆಯ ಬಲ ಅಂಥದು.

ಅದೇ ಎಣಿಕೆ ನಿರಪರಾಧಿಯನ್ನೂ ಜೈಲಿಗೆ ಕಳಿಸಬಲ್ಲದು. ನೆದರ್ಲೆಂಡ್ಸ್‌ನ ನರ್ಸ್ ಲೂಸಿಯಾ ಡಿ ಬರ್ಕ್ ಅವರ ಪಾಳಿಯಲ್ಲೇ ಇಷ್ಟು ಸಾವುಗಳು ಆಕಸ್ಮಿಕವಾಗಿ ಸಂಭವಿಸುವ ಸಾಧ್ಯತೆ 34.2 ಕೋಟಿಯಲ್ಲಿ ಒಂದು ಎಂಬ ಲೆಕ್ಕವನ್ನು ನ್ಯಾಯಾಲಯದಲ್ಲಿ ಮುಂದಿಡಲಾಗಿತ್ತು. 2003ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಲೆಕ್ಕದ ಬುಡವೇ ಸರಿಯಿಲ್ಲವೆಂದು ಸಂಖ್ಯಾಶಾಸ್ತ್ರಜ್ಞರು ತೋರಿಸಿಕೊಟ್ಟರು, ಪ್ರಕರಣ ಮರುವಿಚಾರಣೆಗೆ ಬಂದು 2010ರಲ್ಲಿ ಅವರು ಖುಲಾಸೆಯಾದರು. ಮೊದಲು ಒಬ್ಬರ ಮೇಲೆ ಕಣ್ಣಿಟ್ಟು, ಆಮೇಲೆ ಅವರ ಪಾಳಿಯ ಸಾವುಗಳನ್ನಷ್ಟೇ "ಸಂಶಯಾಸ್ಪದ" ಎಂದು ಗುರುತಿಸಿದರೆ ಪಟ್ಟಿ ತಾನಾಗಿ ಅವರ ಕಡೆಗೇ ಬೆರಳು ತೋರಿಸುತ್ತದೆ. ಹೀಗಾಗಿ ಯಾವ ಸಾವು ಅಸಹಜ ಎಂಬುದನ್ನು ಪಾಳಿಪಟ್ಟಿ ನೋಡದ ವೈದ್ಯರೊಬ್ಬರು ಕೇಸ್‌ಶೀಟ್ ಓದಿ ತೀರ್ಮಾನಿಸಬೇಕು. ಆ ತೀರ್ಮಾನ ಬರಹಕ್ಕಿಳಿದ ಮೇಲೆಯೇ ಪಾಳಿಪಟ್ಟಿಯನ್ನು ತೆರೆಯಬೇಕು. ಹೆಚ್ಚು ರಾತ್ರಿಪಾಳಿ ಮಾಡುವವರು, ತೀವ್ರ ನಿಗಾ ಘಟಕದಲ್ಲಿ ಇರುವವರು ಸಹಜವಾಗಿಯೇ ಹೆಚ್ಚು ಸಾವು ಕಾಣುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಎಣಿಕೆಯಿಂದ ಸಿಗುವುದು ತನಿಖೆಗೆ ಕಾರಣ ಮಾತ್ರ.

ವಿಚಾರಣೆ ಹೊರಗಿನವರ ಕೈಯಲ್ಲಿರಲಿ

ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಕಾನೂನು ವಿಭಾಗದ ಡೀನ್ ಜೇಮ್ಸ್ ಮೀಕ್ಸ್, ಸ್ವಾಂಗೋ ಕ್ವಿನ್ಸಿಯಲ್ಲಿ ಸಿಕ್ಕಿಬಿದ್ದ ಮೇಲೆ, ಆಸ್ಪತ್ರೆಯ ಆ ಒಳವಿಚಾರಣೆಯನ್ನು ಪರಿಶೀಲಿಸಿ ಟೀಕಿಸಿದರು. ಮಾನನಷ್ಟದ ದಾವೆಯ ಭಯ, ಸಂಸ್ಥೆಯ ಹೆಸರಿನ ಭಯ, ಸಹೋದ್ಯೋಗಿಯ ಮೇಲಿನ ಮುಲಾಜು, ಈ ಮೂರೂ ಒಳಗಿನ ಸಮಿತಿಯ ಜೊತೆಗೇ ಕುರ್ಚಿ ಹಾಕಿಕೊಂಡು ಕೂತಿರುತ್ತವೆ. ಉದ್ದೇಶಪೂರ್ವಕ ಹಾನಿಯ ಸಂಶಯವಿದ್ದರೆ ಸಂಬಂಧಪಟ್ಟವರನ್ನು ರೋಗಿಗಳಿಂದ ದೂರವಿರಿಸಿ, ಪೊಲೀಸರಿಗೆ ಲಿಖಿತ ದೂರು ಕೊಟ್ಟು, ಶವಪರೀಕ್ಷೆ ಆಗುವವರೆಗೆ ದೇಹವನ್ನು ಬಿಟ್ಟುಕೊಡದಿರುವುದು ಸರಿಯಾದ ಕ್ರಮ. ದೂರವಿರಿಸುವುದು ಶಿಕ್ಷೆಯಲ್ಲ ಎಂಬುದನ್ನು ಆದೇಶದಲ್ಲೇ ಬರೆದರೆ ನಿರಪರಾಧಿಗೂ ನ್ಯಾಯ ಸಿಗುತ್ತದೆ.

ಬಿಟ್ಟು ಹೋಗುವವರ ಪತ್ರ, ಬಂದು ಸೇರುವವರ ಕಾಗದ

ಸ್ವಾಂಗೋ ನಿಜವಾಗಿ ಗೆದ್ದದ್ದು ನೇಮಕದ ಮೇಜಿನ ಮೇಲೆ. 1992ರಲ್ಲಿ ತಾನು ಸೇರಿದ ದಕ್ಷಿಣ ಡಕೋಟಾದ ರೆಸಿಡೆನ್ಸಿಗೆ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿಗೆ, ಅರ್ಜಿ ಹಾಕಿದಾಗ, ತನಗೆ ಶಿಕ್ಷೆಯಾದದ್ದು ಬಾರಿನಲ್ಲಿ ನಡೆದ ಒಂದು ಹೊಡೆದಾಟಕ್ಕೆ ಎಂದು ಕಥೆ ಕಟ್ಟಿ, ಅದಕ್ಕೆ ಒಪ್ಪುವ ಸೆರೆಮನೆ ದಾಖಲೆಯನ್ನೂ ವರ್ಜೀನಿಯಾ ರಾಜ್ಯಪಾಲರ ಹೆಸರಿನ ಪತ್ರವನ್ನೂ ನಕಲಿಯಾಗಿ ಸೃಷ್ಟಿಸಿ ಕೊಟ್ಟ. ಅಪರಾಧ ಸಾಬೀತಾದದ್ದನ್ನು ಅವನೇ ಮರೆಮಾಚದೆ ಹೇಳಿದ್ದರಿಂದ ಎದುರಿಗಿದ್ದವರಿಗೆ ಅವನು ಪ್ರಾಮಾಣಿಕನಾಗಿ ಕಂಡ. ಶಿಕ್ಷೆ ವಿಧಿಸಿದ ನ್ಯಾಯಾಲಯಕ್ಕೆ ಒಂದು ಫೋನ್ ಕರೆ ಮಾಡಿದ್ದರೆ ಸಾಕಾಗಿತ್ತು. ಅಮೆರಿಕನ್ ವೈದ್ಯಕೀಯ ಸಂಘದ ಸದಸ್ಯತ್ವಕ್ಕೆ ಅವನು ಅರ್ಜಿ ಹಾಕಿದಾಗ ಸಂಘದವರು ಆ ಪರಿಶೀಲನೆ ಮಾಡಿಯೇ ಮಾಡಿದರು, ಡಕೋಟಾದ ಕೆಲಸ ಹೋಯಿತು. ಮರುವರ್ಷ ಅದೇ ಹೊಡೆದಾಟದ ಕಥೆಯೊಂದಿಗೆ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವೈದ್ಯಕೀಯ ಕಾಲೇಜಿನಲ್ಲಿ ಸೇರಿಕೊಂಡ. ಅವನು ಕೊಂದುದಾಗಿ ಮುಂದೆ ಒಪ್ಪಿಕೊಂಡ ನಾಲ್ವರಲ್ಲಿ ಮೂವರು ಅದರೊಂದಿಗೆ ಸಂಯೋಜಿತವಾದ ನಾರ್ತ್‌ಪೋರ್ಟ್ ಮಾಜಿ ಸೈನಿಕರ ಆಸ್ಪತ್ರೆಯ ರೋಗಿಗಳು.

ಆಗ ಅಮೆರಿಕದಲ್ಲಿ ವೈದ್ಯರ ಮೇಲಿನ ಕ್ರಮಗಳನ್ನು ದಾಖಲಿಸುವ ರಾಷ್ಟ್ರೀಯ ದತ್ತಕೋಶ ಇರಲಿಲ್ಲವೆಂದಲ್ಲ. ಅದು 1990ರಲ್ಲೇ ಆರಂಭವಾಗಿತ್ತು. ಆದರೆ ಸ್ವಾಂಗೋನ ಅಪರಾಧ ಅದಕ್ಕಿಂತ ಹಳೆಯದು, ರೆಸಿಡೆಂಟ್ ವೈದ್ಯರ ಬಗ್ಗೆ ಅಲ್ಲಿ ವಿಚಾರಿಸುವುದು ಕಡ್ಡಾಯವೂ ಆಗಿರಲಿಲ್ಲ. ಹೀಗಾಗಿ ನೇಮಕ ಮಾಡುವವರು ಅರ್ಜಿದಾರ ತಂದುಕೊಟ್ಟ ಕಾಗದವನ್ನು ಸುಳಿವೆಂದಷ್ಟೇ ನೋಡಿ, ಅದನ್ನು ಹೊರಡಿಸಿದ ಕಚೇರಿಯ ವಿಳಾಸವನ್ನು ತಾವೇ ಹುಡುಕಿ, ಅಲ್ಲಿಂದ ನೇರವಾಗಿ ಉತ್ತರ ತರಿಸಿಕೊಳ್ಳಬೇಕು. ಪತ್ರದ ತಲೆಬರಹದಲ್ಲಿ ಅಚ್ಚಾದ ಫೋನ್ ಸಂಖ್ಯೆಯನ್ನು ನಂಬಬಾರದು. ಕೆಲಸದ ಇತಿಹಾಸದಲ್ಲಿ ಖಾಲಿ ಬಿಟ್ಟ ತಿಂಗಳುಗಳಿಗೆ ವಿವರಣೆ ಕೇಳಬೇಕು, ಹೆಸರು ಬದಲಾಯಿಸಿಕೊಂಡಿದ್ದರೆ ಹಳೆಯ ಹೆಸರಿನಲ್ಲೂ ಹುಡುಕಬೇಕು. ಸ್ವಾಂಗೋ ನಡುವೆ ಆಡಮ್ಸ್ ಎಂಬ ಹೆಸರನ್ನು ಕಾನೂನುಬದ್ಧವಾಗಿಯೇ ಪಡೆದಿದ್ದ. ಕರ್ನಾಟಕದ ಆಸ್ಪತ್ರೆಗಳು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಪರಿಶೀಲಿಸುವ ಜೊತೆಗೆ, ಬೇರೆ ರಾಜ್ಯದಿಂದ ಬಂದವರ ಬಗ್ಗೆ ಹಿಂದಿನ ರಾಜ್ಯದ ಪರಿಷತ್ತಿಗೂ ನೇರವಾಗಿ ಬರೆಯುವುದು ಒಳಿತು.

ಬಿಟ್ಟು ಹೋಗುವವರ ಬಗ್ಗೆ ಬರೆಯುವ ಪತ್ರದ ವಿಷಯದಲ್ಲಿ ಸ್ಟೋನಿ ಬ್ರೂಕ್ ಡೀನ್ ಜೋರ್ಡನ್ ಕೋಹೆನ್ ಮಾಡಿದ್ದು ಒಳ್ಳೆಯ ಮಾದರಿ. ಡಕೋಟಾದಿಂದ ಸತ್ಯ ತಿಳಿದುಬಂದ ಕೂಡಲೆ ಸ್ವಾಂಗೋನನ್ನು ತೆಗೆದುಹಾಕಿದ್ದಲ್ಲದೆ, ದೇಶದ ಎಲ್ಲ ವೈದ್ಯಕೀಯ ಕಾಲೇಜುಗಳಿಗೂ ಸಾವಿರಕ್ಕೂ ಹೆಚ್ಚು ಬೋಧನಾ ಆಸ್ಪತ್ರೆಗಳಿಗೂ ಅವರು ಎಚ್ಚರಿಕೆಯ ಪತ್ರ ಕಳಿಸಿದರು. ಅಮೆರಿಕದ ಬೋಧನಾ ಆಸ್ಪತ್ರೆಗಳ ಬಾಗಿಲು ಅಲ್ಲಿಗೆ ಮುಚ್ಚಿತು. ಆ ಪತ್ರ ಹೋಗದ ಜಿಂಬಾಬ್ವೆಯ ಮ್ನೇನೆ ಮಿಷನ್ ಆಸ್ಪತ್ರೆಗೆ ಅವನು 1994ರಲ್ಲಿ ನಕಲಿ ದಾಖಲೆಗಳೊಂದಿಗೆ ಹೋದ, ಅಲ್ಲಿಯೂ ಸಾವುಗಳಾದವು. ಪತ್ರ ಬರೆಯುವಾಗ ಆರೋಪ, ನಡೆದ ವಿಚಾರಣೆ, ಸಾಬೀತಾದ ಅಂಶ, ಬಾಕಿ ಇರುವ ಅಂಶ ಇವನ್ನು ಪ್ರತ್ಯೇಕವಾಗಿ ನಮೂದಿಸಿ ವಕೀಲರಿಗೆ ತೋರಿಸಿ ಕಳಿಸಬೇಕು. "ಒಳ್ಳೆಯ ನಡತೆಯವರು" ಎಂಬ ಒಂದು ಸಾಲು ಬರೆದು ಪೀಡೆ ತೊಲಗಿತೆಂದು ಕೈತೊಳೆದುಕೊಳ್ಳಬಾರದು.

ಕೊಲೆಯ ಸಾಕ್ಷ್ಯ ಕೂಡಿಬರುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. 1997ರ ಜೂನ್‌ನಲ್ಲಿ ಸೌದಿ ಅರೇಬಿಯಾದ ಕೆಲಸಕ್ಕೆ ಹೊರಟಿದ್ದ ಸ್ವಾಂಗೋನನ್ನು ಷಿಕಾಗೋ ವಿಮಾನನಿಲ್ದಾಣದಲ್ಲಿ ಹಿಡಿದದ್ದು ಸುಳ್ಳು ಹೇಳಿ ನಾರ್ತ್‌ಪೋರ್ಟ್‌ನ ಕೆಲಸ ಗಿಟ್ಟಿಸಿದ ವಂಚನೆಯ ಆರೋಪದ ಮೇಲೆ. ಅವನು ಆ ಶಿಕ್ಷೆ ಅನುಭವಿಸುತ್ತಿದ್ದಾಗ ತನಿಖೆಗಾರರು ಹೂತ ದೇಹಗಳನ್ನು ತೆಗೆಸಿ ಪರೀಕ್ಷಿಸಿ, 2000ದ ಜುಲೈ ತಿಂಗಳಲ್ಲಿ, ಬಿಡುಗಡೆಗೆ ಕೆಲವೇ ದಿನಗಳಿರುವಾಗ, ಕೊಲೆ ಆರೋಪ ಹೊರಿಸಿದರು. ಅವನ ನಕಲಿ ಅರ್ಜಿಗಳನ್ನು ಆ ಸಂಸ್ಥೆಗಳು ಎಸೆದಿದ್ದರೆ ವಂಚನೆಯ ಆರೋಪಕ್ಕೂ ಆಧಾರ ಇರುತ್ತಿರಲಿಲ್ಲ. ಆದ್ದರಿಂದ ತಿರಸ್ಕೃತವಾದ ನೇಮಕದ ಕಡತವನ್ನೂ, ಅರ್ಜಿ ಬಂದ ಲಕೋಟೆಯ ಸಮೇತ, ಸಂಸ್ಥೆಯ ದಾಖಲೆಕೋಣೆಯಲ್ಲಿ ಉಳಿಸಿಕೊಳ್ಳಬೇಕು.