ಸ್ಪಿಟ್‌ಫೈರ್ 5, 9, 14: ಸಿಮ್ಯುಲೇಟರ್‌ನಲ್ಲಿ ಹೋಲಿಸುವುದು ಹೇಗೆ?

"ಅಣ್ಣಾ, ಯಾವ ಸ್ಪಿಟ್‌ಫೈರ್ ಬೆಸ್ಟು?" ಅಂತ ಎರಡನೇ ಮಹಾಯುದ್ಧದ ಆ ಬ್ರಿಟಿಷ್ ಯುದ್ಧವಿಮಾನದ ಬಗ್ಗೆ ಕೇಳುವ ಹುಡುಗರಿಗೆ ನಾನು ತಿರುಗಿ ಕೇಳುವುದು ಒಂದೇ: ಎಷ್ಟು ಎತ್ತರದಲ್ಲಿ? ಅದು ಗೊತ್ತಿಲ್ಲದೆ ಉತ್ತರ ಹೇಳಲು ಬರುವುದಿಲ್ಲ.

ಗೋಣಿಕೊಪ್ಪದ ಹತ್ತಿರ ನನ್ನದು ಜೀಪು, ಪಂಪ್‌ಸೆಟ್ಟು ರಿಪೇರಿ ಮಾಡುವ ಗ್ಯಾರೇಜು. ಮಳೆಗಾಲದಲ್ಲಿ ಕೆಲಸ ಕಮ್ಮಿ, ಜಾಯ್‌ಸ್ಟಿಕ್ ಜಾಸ್ತಿ. ವಿಮಾನವನ್ನೂ ಎಂಜಿನ್ ಕಡೆಯಿಂದಲೇ ನೋಡುವ ಚಾಳಿ ನನಗೆ. (ನಮ್ಮ ಕಡೆ ಯುದ್ಧವಿಮಾನ ಅಂದರೆ 1965ರಲ್ಲಿ ಸರ್ಗೋಧಾ ದಾಳಿಗೆ ಹೋದ ಅಜ್ಜಮಾಡ ದೇವಯ್ಯನವರ ಮಿಸ್ಟೇರ್ ನೆನಪಾಗುತ್ತದೆ. ಅದು ಜೆಟ್, ಅದರ ಲೆಕ್ಕವೇ ಬೇರೆ.)

ನಾನು ಹಾರಿಸುವುದು ಐಎಲ್-2 ಗ್ರೇಟ್ ಬ್ಯಾಟಲ್ಸ್ ಅನ್ನುವ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿರುವ ಸ್ಪಿಟ್‌ಫೈರ್ ಮಾರ್ಕ್ (ಅಂದರೆ ಮಾದರಿ) 5, 9 ಮತ್ತು 14. ಮಾರ್ಕ್ 5ರದ್ದು 27 ಲೀಟರಿನ ಮರ್ಲಿನ್ ಎಂಜಿನ್. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಒಂದೇ ಹಂತ, ಒಂದೇ ಗೇರ್. 1941ರಲ್ಲಿ ಜರ್ಮನ್ನರ ಫೋಕ್‌ವುಲ್ಫ್ 190 ಬಂದು ಅದನ್ನು ಸುಸ್ತು ಮಾಡಿತು. ಮರುವರ್ಷ ಹೆಚ್ಚುಕಮ್ಮಿ ಅದೇ ಬಾಡಿಗೆ ಎರಡು ಹಂತ, ಎರಡು ಗೇರಿನ ಸೂಪರ್‌ಚಾರ್ಜರ್ ಇರುವ ಮರ್ಲಿನ್ ಕೂರಿಸಿ ಮಾರ್ಕ್ 9 ಮಾಡಿದರು. ಒತ್ತಿದ ಗಾಳಿ ಬಿಸಿಯಾಗುತ್ತದಲ್ವಾ, ಅದಕ್ಕೆ ಇಂಟರ್‌ಕೂಲರ್ ಕೂಡ ಇಟ್ಟರು. ಮಾರ್ಕ್ 14ರಲ್ಲಿ ಎಂಜಿನ್ನೇ ಬೇರೆ: 36.7 ಲೀಟರಿನ ಗ್ರಿಫನ್, 2,000 ಹಾರ್ಸ್‌ಪವರ್‌ಗೂ ಮೇಲೆ, ಐದು ಬ್ಲೇಡಿನ ಪ್ರೊಪೆಲರ್.

ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿ 1,748 ಮೀಟರ್, ಅಂದರೆ 5,700 ಅಡಿ ಚಿಲ್ಲರೆ. ಅಂಥ ಮೂರೂವರೆ ಬೆಟ್ಟ ಒಂದರ ಮೇಲೊಂದು ಪೇರಿಸಿದರೆ 20,000 ಅಡಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧದಷ್ಟೇ. ಎರಡು ಹಂತದ ಸೂಪರ್‌ಚಾರ್ಜರ್ ಕೆಲಸಕ್ಕೆ ಬರುವುದು ಆ ತೆಳು ಗಾಳಿಯಲ್ಲೇ, ಹಾಗಾಗಿ 5 ಮತ್ತು 9ರ ಅಂತರ ಕೆಳಗೆ ಕಮ್ಮಿ, ಅಲ್ಲಿ ಜಾಸ್ತಿ. ಮರದ ತುದಿ ಸವರಿಕೊಂಡು ಹಾರಿಸಿ "9 ಅಂಥಾದ್ದೇನಿಲ್ಲ" ಅಂದರೆ ಏನು ಹೇಳೋಣ!

ಮೊದಲು ಎಲ್ಲವನ್ನೂ ಸಮ ಮಾಡಿಕೊಳ್ಳಿ. ಸಮುದ್ರದ ಮೇಲೆ ಹಾರಿಸಿ, ಗಾಳಿ ಸೊನ್ನೆ ಇಡಿ, ಗುಂಡು ಪೂರ್ತಿ ತುಂಬಿ. ಪೆಟ್ರೋಲನ್ನು ಶೇಕಡಾ ಲೆಕ್ಕದಲ್ಲಿ ಸಮ ಮಾಡಬೇಡಿ. 14ರ ಟ್ಯಾಂಕು ದೊಡ್ಡದು, ಕುಡಿಯುವುದೂ ಜಾಸ್ತಿ. ಮೂರಕ್ಕೂ ಅರ್ಧ ಗಂಟೆ ಹಾರುವಷ್ಟು ಹಾಕಿ.

ಈಗ ನೇರ ಓಟದ ವೇಗ. ನನ್ನ ಮಟ್ಟಿಗೆ ಇದೇ ಮುಖ್ಯ ಪರೀಕ್ಷೆ. 2,000 ಅಡಿಯಿಂದ ಶುರು ಮಾಡಿ ಪ್ರತಿ 2,000 ಅಡಿಗೆ ಒಂದರಂತೆ 26,000ದ ತನಕ ಹೋಗಿ. ಯಾವಾಗಲೂ ಕಡಿಮೆ ವೇಗದಿಂದ ಮೇಲಕ್ಕೆ ಏರಿಸಿ. ಡೈವ್ ಮಾಡಿ ಬಂದರೆ ಆ ಹೆಚ್ಚಿನ ವೇಗ ಇಳಿಯಲು ತುಂಬ ಹೊತ್ತು ಬೇಕು, ಅಂಕಿ ಸುಳ್ಳಾಗುತ್ತದೆ. ಕಡ್ಡಿ ಒತ್ತದೆಯೂ ವಿಮಾನ ನೇರ ಹೋಗುವಂತೆ ಟ್ರಿಮ್ ಮಾಡಿ, ವೇಗದ ಮುಳ್ಳು ನಿಲ್ಲುವ ತನಕ ಕಾದು ಬರೆದುಕೊಳ್ಳಿ. ಮಧ್ಯೆ ಕರೆಂಟು ಹೋದರೆ, ಜುಲೈನಲ್ಲಂತೂ ಹೋಗೇ ಹೋಗುತ್ತದೆ, ಆ ಎತ್ತರವನ್ನು ಮತ್ತೆ ಮಾಡಿ. ಒಂದೇ ಎತ್ತರದಲ್ಲಿ ಹೋಲಿಸಲು ಮುಳ್ಳು ತೋರಿಸುವ ವೇಗ ಸಾಕು. ಗಾಳಿ ತೆಳುವಾದಂತೆ ಮುಳ್ಳು ಕಮ್ಮಿ ತೋರಿಸುತ್ತದೆ, ನಿಜವಾದ ವೇಗ ಬೇಕೆಂದರೆ 20,000 ಅಡಿಯಲ್ಲಿ ಅದನ್ನು ಸುಮಾರು 1.37ರಿಂದ ಗುಣಿಸಿ.

ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಹಾಕಿದರೆ 9 ಮತ್ತು 14ರ ಗೆರೆ ಏರಿ, ಒಮ್ಮೆ ತಡವರಿಸಿ, ಮತ್ತೆ ಏರುತ್ತದೆ. ಸೂಪರ್‌ಚಾರ್ಜರ್ ಗೇರ್ ತಾನಾಗಿ ಬದಲಾಗುವ ಜಾಗ ಅದು. ಎದುರಾಳಿಯನ್ನು ಯಾವ ಎತ್ತರಕ್ಕೆ ಎಳೆಯಬೇಕು ಅಂತ ನಿಮಗೆ ಹೇಳುವುದು ಆ ತಡವರಿಕೆಯೇ. ಮಾರ್ಕ್ 9ಕ್ಕೆ ಬರುವ ಎಂಜಿನ್‌ಗಳಲ್ಲಿ ಮರ್ಲಿನ್ 66 ಕೆಳಗಿನ ಎತ್ತರಕ್ಕೆ, ಮರ್ಲಿನ್ 70 ಮೇಲಿನ ಎತ್ತರಕ್ಕೆ ಹೊಂದಿಸಿದ್ದು. ಹಾಗಾಗಿ ಹೆಸರಿಗೆ ಎರಡೂ ಮಾರ್ಕ್ 9 ಆದರೂ ಬೇರೆ ಬೇರೆ ಹಾಳೆ ಬೇಕು.

ಇಡೀ ಓಟವನ್ನು ಎರಡು ಸಲ ಮಾಡಬೇಕು: ಒಮ್ಮೆ ಎಂಜಿನ್ನಿನ ಪೂರ್ತಿ ಬಲದಲ್ಲಿ, ಒಮ್ಮೆ ಅದು ಹೆಚ್ಚು ಹೊತ್ತು ತಡೆಯುವ ಬಲದಲ್ಲಿ. ಮರ್ಲಿನ್ 66ಕ್ಕೆ 3,000 ಆರ್‌ಪಿಎಂ, +18 ಬೂಸ್ಟ್ (ಸೂಪರ್‌ಚಾರ್ಜರ್ ತುಂಬುವ ಗಾಳಿಯ ಒತ್ತಡ) ಐದು ನಿಮಿಷದ ಮಾತು. ಒಂದು ಗಂಟೆ ತಡೆಯುವುದು 2,850, +12. ನಿಜವಾದ ಕಾದಾಟದ ಬಹುಪಾಲು ಕಳೆಯುವುದು ಎರಡನೆಯದರಲ್ಲೇ.

ತಿರುವಿಗೆ 10,000 ಅಡಿಯಲ್ಲಿ, ಎತ್ತರ ಬಿಡದೆ, ಪೂರ್ತಿ ಸುತ್ತಿನ ಸಮಯ ಹಿಡಿಯಿರಿ. ಎಡಕ್ಕೂ, ಬಲಕ್ಕೂ. ಸುಮ್ನೆ ಹೇಳುತ್ತಿಲ್ಲ. ಯುದ್ಧಕಾಲದಲ್ಲಿ ಬ್ರಿಟಿಷರೇ 9 ಮತ್ತು 14ನ್ನು ಹೋಲಿಸಿದಾಗ ತಿರುವು ಎರಡರದ್ದೂ ಒಂದೇ ಅಂತ ಬಂತು, 14 ಮಾತ್ರ ಬಲಕ್ಕಿಂತ ಎಡಕ್ಕೆ ಸ್ವಲ್ಪ ಚೆನ್ನಾಗಿ ತಿರುಗಿತು. ಭಾರ ಜಾಸ್ತಿ, ಹಾಗಾಗಿ ತಿರುಗುವುದಿಲ್ಲ ಅನ್ನುವವರಿಗೆ ಇದು ಸಾಕು. ರೆಕ್ಕೆ ತುದಿ ಕತ್ತರಿಸಿದ ಮಾದರಿ ಬೇಗ ಉರುಳುತ್ತದೆ, ಮೇಲೆ ಹೋದಾಗ ದಂಡ ಕಟ್ಟುತ್ತದೆ. ಅದನ್ನೂ ಬೇರೆ ವಿಮಾನ ಅಂತಲೇ ಬರೆದುಕೊಳ್ಳಿ.

5, 9 ಹಾರಿಸಿ ಅಭ್ಯಾಸವಾದವರು 14 ಹತ್ತುವಾಗ ಒಂದು ವಿಷಯ ನೆನಪಿಡಿ. ಗ್ರಿಫನ್ ತಿರುಗುವ ದಿಕ್ಕು ಉಲ್ಟಾ. ಮರ್ಲಿನ್ ಟೇಕಾಫ್‌ನಲ್ಲಿ ಎಡಕ್ಕೆ ಎಳೆದರೆ ಇದು ಬಲಕ್ಕೆ ಎಳೆಯುತ್ತದೆ. ಎಡಗಾಲು ರಡ್ಡರ್ ಪೆಡಲ್ ಮೇಲೆ ತಯಾರಿರಲಿ, ಥ್ರಾಟಲ್ ನಿಧಾನ ಕೊಡಿ.