ಕಪ್ಪು ಒಂದಕ್ಕೆ ಇಳಿದ ಗಿಟಾರ್

ನಮ್ಮ ಹಾಡುಗಾರ ಪುಣೆಯ ಕೆಲಸಕ್ಕೆ ಹೊರಟಾಗ ಜಗಳವೇನೂ ಆಗಲಿಲ್ಲ. ಆಷಾಢದ ಮಳೆ ಹೊಯ್ಯುತ್ತಿತ್ತು, ಚಿಕ್ಕಮಗಳೂರು ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದೆವು, ಬಸ್ಸು ಹೊರಟಿತು. ಒಂಬತ್ತು ಹಾಡು ಅರ್ಧಂಬರ್ಧ ತಯಾರಾಗಿ ನಮ್ಮ ಕೈಯಲ್ಲಿ ಉಳಿದವು. ನಮ್ಮದು ನಾಲ್ಕು ಜನರ ಹಾರ್ಡ್ ರಾಕ್ ಬ್ಯಾಂಡ್, ಹಾಡೋದು ಕನ್ನಡದಲ್ಲಿ. ನಾನು ಗಿಟಾರ್. ಡ್ರಮ್ಮರ್‌ನ ಅಪ್ಪನಿಗೆ ಆಲ್ದೂರು ಕಡೆ ಕಾಫಿ ತೋಟ ಇದೆ. ಅಲ್ಲಿನ ಗೋಡೌನೇ ನಮ್ಮ ಅಡ್ಡೆ.

ಬೇಜಾರಾಗಿದ್ದ ಉಳಿದಿಬ್ಬರಿಗೆ ನಾನು ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿ ಕಥೆ ಹೇಳಿದೆ. ಅವರ ಹಾಡುಗಾರ ಬಾನ್ ಸ್ಕಾಟ್ ಸತ್ತಿದ್ದು 1980ರ ಫೆಬ್ರವರಿ 19ಕ್ಕೆ. ಅವನ ಜಾಗಕ್ಕೆ ಬ್ರಯಾನ್ ಜಾನ್ಸನ್ ಬಂದು, ಬಹಾಮಾಸ್‌ನಲ್ಲಿ ರೆಕಾರ್ಡಿಂಗ್ ಮುಗಿದು, 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಂ ಅಂಗಡಿಗೆ ಬಂದಿದ್ದು ಅದೇ ವರ್ಷ ಜುಲೈ 25ಕ್ಕೆ. ಐದು ತಿಂಗಳು. ಸಾವಿನ ಮನೆಯಿಂದ ಎದ್ದು ಬಂದು ಅವರು ಮಾಡಿದ್ದನ್ನು ನಾವು ಒಂದು ವರ್ಷದಲ್ಲಿ ಮಾಡೋಕಾಗಲ್ವಾ ಅಂತ ಭಾಷಣ ಬಿಗಿದೆ. ಆ ಆಲ್ಬಂನ ಹಾಡುಗಳ ಕೆಳಗೆ ಗಿಟಾರ್ ನುಡಿಸುವ ಯಂಗ್ ಸಹೋದರರ ಜೊತೆ ಜಾನ್ಸನ್ ಹೆಸರೂ ಇದೆ, ಸಾಹಿತ್ಯ ಅವನೇ ಬರೆದ. ಸತ್ತವನ ಮಾತನ್ನು ಅವನ ಬಾಯಿಗೆ ತುರುಕಲಿಲ್ಲ. ಇದು ಗೊತ್ತಿದ್ದೂ ನನ್ನ ತಲೆಗೆ ಹೋಗಲಿಲ್ಲ.

ಹೊಸಬ ಸಿಕ್ಕಿದ್ದು ನಾಟಕದಲ್ಲಿ. ನಮ್ಮ ಬೇಸ್ ನುಡಿಸುವವನ ಹೆಂಡತಿಯ ಊರು ಅರಕಲಗೂಡು ಕಡೆ. ಅಲ್ಲಿ ಹಬ್ಬಕ್ಕೆ ಊರವರೇ ಸೇರಿ ಕುರುಕ್ಷೇತ್ರ ಆಡಿದ್ದರು. ದುರ್ಯೋಧನನ ಪಾರ್ಟು ಮಾಡಿದ್ದ ಹುಡುಗ ಹಾಸನದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ರಾತ್ರಿ ಹತ್ತಕ್ಕೆ ಶುರುವಾದ ನಾಟಕದಲ್ಲಿ ಬೆಳಗಿನ ಜಾವ ತೊಡೆ ಮುರಿಸಿಕೊಳ್ಳುವವರೆಗೂ ಅವನ ದನಿ ಕೂತಿರಲಿಲ್ಲ. ಬೇಸ್‌ನವನು ಫೋನಿನಲ್ಲಿ ಹಿಡಿದು ತಂದ ಒಂದೂವರೆ ನಿಮಿಷದ ವಿಡಿಯೋ ನೋಡಿ ಮಾರನೇ ಭಾನುವಾರವೇ ಹಾಸನಕ್ಕೆ ಹೋದೆ. ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ, "ಇಂಗ್ಲೀಷ್ ಹಾಡಾದ್ರೆ ನನ್ ಕೈಲಾಗಲ್ಲ ಕಣಣ್ಣ" ಅಂದ. ಕನ್ನಡ ಅಂದಮೇಲೆ ಒಪ್ಪಿದ.

ಅಲ್ಲಿಂದ ಎಂಟು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ, ಹೊಸಬನ ಗಂಟಲಿನಿಂದ ಹಳಬನ ದನಿ ತೆಗೆಸೋದು. ಹಳಬನದು ತೆಳು ದನಿ, ಮೇಲಕ್ಕೆ ಸಲೀಸಾಗಿ ಹತ್ತುತ್ತಿತ್ತು. ಹಾಡುಗಳೆಲ್ಲ ಗಿಟಾರಿನ ಮಾಮೂಲಿ ಶ್ರುತಿಯಲ್ಲಿ, ಅಂದರೆ ಕೆಳಗಿನ ಇ ತಂತಿಯ ಮೇಲೆ ಕಟ್ಟಿದ್ದವು. ಇವನು ಪಲ್ಲವಿ ದಾಟಿ ಮೇಲೆ ಹೋಗುವಾಗ ಕತ್ತಿನ ನರ ಉಬ್ಬಿ, ದನಿ ಒಡೆದು, ಕೆಮ್ಮು ಬಂದು ನಿಲ್ಲಿಸುತ್ತಿದ್ದ. ನಾನು ಬಿಸಿನೀರು ಕೊಡೋದು, ಮತ್ತೆ ಹಾಡು ಅನ್ನೋದು. ಹಳೇ ರೆಕಾರ್ಡಿಂಗ್ ಹಾಕಿ "ಹಿಂಗೆ ಬರ್ಬೇಕು ಮಾರಾಯ" ಅಂತ ತೋರಿಸಿದ್ದೂ ಉಂಟು. ಈಗ ನೆನೆದರೆ ನಾಚಿಕೆ ಆಗುತ್ತದೆ. ಹಾಸನದಿಂದ ಪ್ರತಿ ಭಾನುವಾರ ಬೈಕಿನಲ್ಲಿ ಬಂದು ಅದನ್ನು ಕೇಳಿಸಿಕೊಳ್ಳುತ್ತಿದ್ದ.

ಒಂದು ದಿನ ಅವನೇ ಬಾಯಿಬಿಟ್ಟ. "ಅಣ್ಣ, ಬೇಜಾರ್ ಮಾಡ್ಕಬೇಡಿ. ಇದು ನನ್ ಶ್ರುತಿ ಅಲ್ಲ. ನಮ್ ಹಾರ್ಮೋನಿಯಂ ಮೇಷ್ಟ್ರು ನಂದು ಕಪ್ಪು ಒಂದು ಅಂದವ್ರೆ."

ಹಾರ್ಮೋನಿಯಂನಲ್ಲಿ ಕಪ್ಪು ಒಂದು ಅಂದರೆ ನಮ್ಮ ಲೆಕ್ಕದಲ್ಲಿ ಸಿ ಶಾರ್ಪ್. ನಾವು ಅವನನ್ನು ಹಾಡಿಸುತ್ತಿದ್ದುದು ಬಿಳಿ ಮೂರರಲ್ಲಿ, ಅಂದರೆ ಇ. ಹಳ್ಳಿಯ ನಾಟಕದ ಮೇಷ್ಟ್ರು ಮೊದಲ ದಿನ ಮೊದಲ ಹತ್ತು ನಿಮಿಷದಲ್ಲಿ ಮಾಡುವ ಕೆಲಸ, ಪಾತ್ರಧಾರಿಯ ಶ್ರುತಿ ಯಾವುದು ಅಂತ ನೋಡೋದು. ಅದನ್ನು ನಾನು ಎಂಟು ತಿಂಗಳಾದರೂ ಮಾಡಿರಲಿಲ್ಲ.

ಗಿಟಾರನ್ನು ಮೂರು ಫ್ರೆಟ್‌ನಷ್ಟು, ಅಂದರೆ ಹಾರ್ಮೋನಿಯಂನ ಮೂರು ಮನೆಯಷ್ಟು ಇಳಿಸಿದೆ. ಅಲ್ಲೇ ನೆನಪಾಯಿತು, ಇಂಗ್ಲೆಂಡಿನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಐಯೊಮಿ 1971ರಲ್ಲಿ ಇಳಿಸಿದ್ದೂ ಇಲ್ಲಿಗೇ. ಅವನ ಕಾರಣ ಬೇರೆ. ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡಿದ್ದವನಿಗೆ ತಂತಿ ಸಡಿಲ ಇದ್ದರೆ ಒತ್ತೋದು ಸುಲಭ. ಆ ಸಡಿಲವೇ ನಮಗೆ ಕಾಟವಾಯಿತು. ಮೂರು ಫ್ರೆಟ್ ಇಳಿದರೆ ತಂತಿಯ ಬಿಗಿ ಶೇ. 30ರಷ್ಟು ಕಮ್ಮಿಯಾಗುತ್ತದೆ. ನನ್ನ 10-46 ಸೆಟ್ (ಅಂಕಿ ತಂತಿಯ ದಪ್ಪದ್ದು) ಒದ್ದೆ ಹುರಿಯ ಹಾಗೆ ಜೋತು ಬಿದ್ದು ಫ್ರೆಟ್ಟಿಗೆ ಬಡಿಯುತ್ತಿತ್ತು. ಬೆಂಗಳೂರಿನಿಂದ 12-56 ಸೆಟ್ ತರಿಸಿದೆ. ದಪ್ಪ ತಂತಿ ನಟ್ಟಿನ, ಅಂದರೆ ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿಯ, ಕಚ್ಚಿನಲ್ಲಿ ಕೂರಲಿಲ್ಲ. ಹಳೇ ತಂತಿಗೇ ಸಣ್ಣ ಎಮರಿ ಪೇಪರ್ ಸುತ್ತಿ, ಒಂದೊಂದೇ ಕಚ್ಚನ್ನು ಉಜ್ಜಿ ಅಗಲ ಮಾಡಿದೆ. ಎರಡು ಸಲ ಉಜ್ಜೋದು, ತಂತಿ ಇಟ್ಟು ನೋಡೋದು. ಒಂದು ಸಂಜೆ ಪೂರ್ತಿ ಹಿಡಿಯಿತು. ಆಳ ಹೆಚ್ಚಾದರೆ ನಟ್ಟೇ ಎಸೆಯಬೇಕು, ಅವಸರ ಮಾಡುವವರು ಈ ಕೆಲಸಕ್ಕೆ ಕೈಹಾಕಬಾರದು. ಆಮೇಲೆ ಗಿಟಾರಿನ ಕತ್ತಿನೊಳಗಿನ ರಾಡ್ ಒಂದಿಷ್ಟು ಬಿಗಿ ಮಾಡಿ, ಪ್ರತಿ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವ ಹಾಗೆ ಇಂಟೊನೇಷನ್ ಹೊಸದಾಗಿ ಕೂರಿಸಿದೆ.

ಬೇಸ್ ಗಿಟಾರಿಗೆ ಸುಲಭದ ದಾರಿ ಇತ್ತು, ಆದರೆ ನಾಲ್ಕು ಹಾಡು ಕೆಟ್ಟ ಮೇಲೆ ತಿಳಿಯಿತು. ಮೊದಲು ಹಳೇ ತಂತಿಯನ್ನೇ ಸಡಿಲ ಮಾಡಿ ರೆಕಾರ್ಡ್ ಮಾಡಿದ್ದೆವು. ಕೇಳಿದರೆ ಸ್ವರವೇ ಇಲ್ಲ, ಬರೀ ಗುಡುಗುಡು. ಐದು ತಂತಿಯ ಸೆಟ್ ತಂದು, ಅದರಲ್ಲಿ ಎಲ್ಲಕ್ಕಿಂತ ತೆಳುವಾದ್ದನ್ನು ಬಿಟ್ಟು ಉಳಿದ ನಾಲ್ಕನ್ನು ಹಾಕಿದೆವು. ಬಿ ತಂತಿಯನ್ನು ಎರಡು ಫ್ರೆಟ್ ಏರಿಸಿದರೆ ಸಿ ಶಾರ್ಪ್. ಬಿಗಿಗೆ ಬಿಗಿಯೂ ಆಯಿತು, ಸ್ವರವೂ ಸ್ಪಷ್ಟ.

ಶ್ರುತಿ ಇಳಿದ ದಿನ ಅವನು ಮೊದಲ ಸಲ ಕಣ್ಣು ಮುಚ್ಚಿ ಹಾಡಿದ. ಡ್ರಮ್ಮರ್ ನುಡಿಸೋದು ನಿಲ್ಲಿಸಿ ನನ್ನ ಮುಖ ನೋಡಿದ.

ಆದರೂ ಹಾಡುಗಳು ಕೂರಲಿಲ್ಲ. ಹಳಬ ಗಿಟಾರಿನ ರಿಫ್ (ಮತ್ತೆ ಮತ್ತೆ ಬರುವ ತುಣುಕು) ಹೋದ ದಾರಿಯಲ್ಲೇ ಹಾಡುತ್ತಿದ್ದ, ಬ್ಲ್ಯಾಕ್ ಸಬ್ಬತ್‌ನ ಹಾಡುಗಾರ ಓಝಿ ಎಷ್ಟೋ ಕಡೆ ಹಾಡಿದ ಹಾಗೆ. 1979ರಲ್ಲಿ ಓಝಿಯನ್ನು ತೆಗೆದು ಡಿಯೊ ಬಂದ ಮೇಲಿನ ಅವರ ಆಲ್ಬಂ ಕೇಳಿ. ದನಿ ಬಂದಾಗ ಗಿಟಾರ್ ಬಾಗಿಲು ತೆರೆದು ಪಕ್ಕಕ್ಕೆ ನಿಲ್ಲುತ್ತದೆ. ನಾಟಕದವನಿಗೂ ಅದೇ ಬೇಕಿತ್ತು. ಒಂದು ಸಾಲು ಎಳೆದು, ಕೊನೆಯಲ್ಲಿ ತಿರುವಿ, ಉಸಿರು ತಗೊಳ್ಳೋಕೆ ಜಾಗ. ಆರು ಹಾಡಿನಲ್ಲಿ ಚರಣದ ಕೆಳಗಿನ ರಿಫ್ ಕಿತ್ತುಹಾಕಿ ಬರೀ ಕಾರ್ಡ್ ಹಿಡಿದೆ. ವೇಗವನ್ನೂ ಇಳಿಸಿದೆವು, ನಿಮಿಷಕ್ಕೆ 152 ಏಟು ಇದ್ದದ್ದು 138ಕ್ಕೆ. ನನ್ನ ಮೂರು ವರ್ಷದ ಬೆರಳ ಕಸರತ್ತು ಹಾಗೇ ಹೋಯಿತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಸಾಹಿತ್ಯದ್ದು ಇನ್ನೊಂದು ಪಾಡು. ನನ್ನ ಸಾಲೊಂದಿತ್ತು, "ಅಂತರಂಗದ ಅಗ್ನಿಕುಂಡ ಭುಗಿಲೆದ್ದಿತು" ಅಂತ. "ನಮ್ಮೂರಲ್ಲಿ ಯಾರಣ್ಣ ಹಿಂಗಂತಾರೆ? ನಾಟಕದಲ್ಲಾದ್ರೂ ಅರ್ಥ ಹೇಳ್ಕೊಟ್ಟಿರ್ತಾರೆ" ಅಂದ. ಅವನೇ ಮಾಡಿದ ಸಾಲು, "ಬೆಂಕಿ ಬಿತ್ತು ಹೊಟ್ಟೆಗೆ." ಬಾಯಲ್ಲಿ ಹೇಳುತ್ತಾ ತೊಡೆ ತಟ್ಟಿ ನೋಡಿ: 'ಬಿತ್', 'ಹೊಟ್' ಎರಡೂ ನೆಟ್ಟಗೆ ಸ್ನೇರ್ (ಚಟ್ ಅನ್ನುವ ಡ್ರಮ್) ಏಟಿನ ಮೇಲೆ ಬೀಳುತ್ತವೆ. ಕನ್ನಡದ ಮಾತು ಬಹುಪಾಲು ಸ್ವರಾಕ್ಷರದಲ್ಲೇ ಮುಗಿಯುತ್ತದೆ, ಅದಕ್ಕೇ ರಾಕ್‌ಗೆ ಮೆತ್ತಗಾಯಿತು ಅಂತ ಗೊಣಗುವವರಿದ್ದಾರೆ, ನಾನೂ ಗೊಣಗಿದ್ದೆ. ಗಟ್ಟಿತನ ಇರೋದು ಪದದ ಕೊನೆಯಲ್ಲಲ್ಲ, ನಡುವಿನ ಒತ್ತಕ್ಷರದಲ್ಲಿ. ಸಿಕ್ಕಿತು, ಬಿಟ್ಟೆ, ಕಿತ್ತೆ, ಸುಟ್ಟ. ಸಂಸ್ಕೃತದ ಉದ್ದ ಸಮಾಸಗಳು ಒಂದೊಂದೇ ಜಾಗ ಖಾಲಿ ಮಾಡಿದವು. ಹಳಬ ಬರೆದಿದ್ದ ಮೂರು ಹಾಡನ್ನು ಮುಟ್ಟುವ ಮುಂಚೆ ಪುಣೆಗೆ ಫೋನ್ ಮಾಡಿ ಕೇಳಿದೆ. "ಏನ್ ಬೇಕಾದ್ರೂ ಮಾಡ್ಕೋ" ಅಂದ. ಆ ದನಿಯಲ್ಲಿ ಒಪ್ಪಿಗೆ ಎಷ್ಟು, ಮುನಿಸು ಎಷ್ಟು ಅಂತ ಗೊತ್ತಾಗಲಿಲ್ಲ.

ರೆಕಾರ್ಡಿಂಗಿಗೆ ಸಿಕ್ಕಿದ್ದು ಏಪ್ರಿಲ್, ಮೇ. ಕಾಫಿ ಕ್ಯೂರಿಂಗಿಗೆ ಹೋಗಿ ಗೋಡೌನ್ ಖಾಲಿಯಾಗೋದು ಆಗಲೇ, ಜೂನ್ ಬಂದರೆ ಶೀಟಿನ ಮೇಲೆ ಮಳೆ ಬಿಟ್ಟು ಬೇರೆ ಏನೂ ಕೇಳಲ್ಲ. ಗೋಡೆಗೆ ಖಾಲಿ ಗೋಣಿಚೀಲ ನೇತುಹಾಕಿದೆವು, ಪ್ರಯೋಜನವಾಗಲಿಲ್ಲ. ತೆಳು ಬಟ್ಟೆ ಕೀರಲು ದನಿಯನ್ನಷ್ಟೇ ಹೀರುತ್ತದೆ, ಬೇಸ್ ಗುಂಯ್ ಅಂತ ಸುತ್ತುತ್ತಲೇ ಇರುತ್ತದೆ. ಕಾಫಿ ಸಿಪ್ಪೆ ತುಂಬಿದ ಚೀಲಗಳನ್ನು ನಾಲ್ಕೂ ಮೂಲೆಯಲ್ಲಿ ಆಳೆತ್ತರ ಪೇರಿಸಿದ ಮೇಲೆ ಅದು ತಣ್ಣಗಾಯಿತು. ಡ್ರಮ್ಮಿಗೆ ನಾಲ್ಕೇ ಮೈಕು. ಮೇಲಿನ ಎರಡೂ ಸ್ನೇರ್‌ನ ನಡುವಿನಿಂದ ಒಂದೇ ದೂರ ಇರಬೇಕು, ಇಲ್ಲದಿದ್ದರೆ ಸ್ನೇರ್ ಪೊಳ್ಳಾಗುತ್ತದೆ. ಗೋಣಿ ಹೊಲಿಯುವ ಹುರಿಯಲ್ಲಿ ಅಳೆದೆವು.

ಗಿಟಾರಿನ ಆಂಪ್ಲಿಫೈಯರ್ ಹಾಕಿದರೆ ಗುಂಯ್ ಅನ್ನುತ್ತಿತ್ತು. ತಂತಿ ಮೇಲೆ ಕೈಯಿಟ್ಟರೆ ಕಮ್ಮಿ, ತೆಗೆದರೆ ಜೋರು. ನಮ್ಮ ಕರೆಂಟು 50 ಹರ್ಟ್ಸ್, ಅದು ಹೆಚ್ಚುಕಮ್ಮಿ ಜಿ ಸ್ವರ. ಸಿ ಶಾರ್ಪ್ ಷಡ್ಜ, ಅಂದರೆ 'ಸ' ಆದರೆ ಜಿ ಪ್ರತಿಮಧ್ಯಮ, ಅಂದರೆ ಮೇಲಿನ 'ಮ'. ಒಂಬತ್ತೂ ಹಾಡಿಗೆ ಯಾರೋ ಕೂತು ಪ್ರತಿಮಧ್ಯಮದ ತಂಬೂರಿ ಮೀಟುತ್ತಿದ್ದ ಹಾಗಿತ್ತು. ಎಲೆಕ್ಟ್ರಿಷಿಯನ್ ಬಂದು ನೋಡಿ ನಕ್ಕ, ಗೋಡೌನಿಗೆ ಅರ್ಥಿಂಗೇ ಇರಲಿಲ್ಲ. ಹಿಂದೆ ಗುಂಡಿ ತೋಡಿ, ನಡುವೆ ಜಿಐ ಪೈಪ್ ನಿಲ್ಲಿಸಿ, ಇದ್ದಿಲು, ಉಪ್ಪು ಪದರ ಪದರ ತುಂಬಿ ನೀರು ಹೊಯ್ದ. ಆಲ್ಬಂನ ಖರ್ಚಿನ ಪಟ್ಟಿಯಲ್ಲಿ ಕಲ್ಲುಪ್ಪಿನ ಮೂಟೆ ಬರೆದ ಬ್ಯಾಂಡ್ ಇನ್ನೊಂದಿದ್ದರೆ ಹೇಳಿ.

ಸಂಜೆ ಆರಾದರೆ ಜೀರುಂಡೆ. ಅದರ ದನಿ ಸಿಂಬಲ್ (ಡ್ರಮ್ಮಿನ ತಾಳದ ತಟ್ಟೆ) ಇರುವ ಎತ್ತರದಲ್ಲೇ ಕೂರುತ್ತದೆ, ಅದನ್ನು ಕತ್ತರಿಸಿದರೆ ಸಿಂಬಲೂ ಸಾಯುತ್ತದೆ. ಹಾಗಾಗಿ ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಮಾತ್ರ ಡ್ರಮ್. ಹಾಡುಗಾರನಿಗೆ ದುಬಾರಿ ಕಂಡೆನ್ಸರ್ ಮೈಕ್ ಎರವಲು ತಂದಿದ್ದೆ. ಅದು ಅವನ ಜೊತೆ ಶೀಟು, ನಾಯಿ, ಪಕ್ಕದ ತೋಟದ ಪಂಪ್‌ಸೆಟ್ ಎಲ್ಲವನ್ನೂ ಹಿಡಿಯಿತು. ಕೊನೆಗೆ ವೇದಿಕೆಯಲ್ಲಿ ಬಳಸುವ ಎಸ್‌ಎಂ58 ಮೈಕನ್ನೇ ಕೈಗೆ ಕೊಟ್ಟೆ. ನಾಟಕದವನಿಗೆ ನಿಂತಲ್ಲೇ ನಿಂತು ಹಾಡೋಕೆ ಬರಲ್ಲ, ನಡೆಯುತ್ತಾ ಹಾಡಿದ.

ಮಿಕ್ಸಿಂಗಿಗೆ ಹೊರಗೆ ಕೊಟ್ಟಿದ್ದು ತಪ್ಪಾಯಿತು. ಸಾಲಿನ ಕೊನೆಯ ಅವನ ತಿರುವುಗಳನ್ನೆಲ್ಲ ಅಪಸ್ವರ ಅಂದುಕೊಂಡು ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಿ ಕಳಿಸಿದ್ದರು. ದುರ್ಯೋಧನ ಲಿಫ್ಟಿನಲ್ಲಿ ಮಾತಾಡುವ ಯಂತ್ರದ ಹಾಗೆ ಕೇಳುತ್ತಿದ್ದ. ಮುಂಗಡ ವಾಪಸ್ ಬರಲಿಲ್ಲ. ಮಳೆಗಾಲ ಪೂರ್ತಿ ರೀಪರ್ ಅನ್ನುವ ಸಾಫ್ಟ್‌ವೇರಿನಲ್ಲಿ ನಾನೇ ಕೂತು ಮಿಕ್ಸ್ ಮಾಡಿದೆ.

ದೀಪಾವಳಿಗೆ ಹಳಬ ಊರಿಗೆ ಬಂದಿದ್ದ. ಗೋಡೌನಿಗೂ ಬಂದ. ಆಲ್ಬಂ ಕೇಳಿಸಿದೆವು. ಅವನದೇ ಸಾಹಿತ್ಯ ಇದ್ದ ಮೂರನೇ ಹಾಡು ಮುಗಿದ ಮೇಲೆ, "ನಾನೊಂದ್ ಸಲ ಹಾಡ್ಲಾ?" ಅಂದ. ಹಳೇ ಶ್ರುತಿಗೆ ಏರಿಸೋಣ ಅಂದರೆ ದಪ್ಪ ತಂತಿಯ ಆ ಬಿಗಿಗೆ ಗಿಟಾರಿನ ಕತ್ತು ಬಾಗುತ್ತದೆ, ತೆಳು ತಂತಿ ಹಾಕಿದರೆ ನಾನು ಉಜ್ಜಿದ ಕಚ್ಚಿನಲ್ಲಿ ಗಿಲಿಗಿಲಿ ಅನ್ನುತ್ತದೆ. ಇದ್ದದ್ದು ಇದೊಂದೇ ಗಿಟಾರ್. ಕಪ್ಪು ಒಂದರಲ್ಲೇ ಶುರು ಮಾಡಿದೆ. ಮೊದಲ ಸಾಲಿಗೇ ದನಿ ಕೆಳಗೆ ಸಿಗದೆ ತಡಕಾಡಿದ. ಮೂಲೆಯ ಸಿಪ್ಪೆ ಚೀಲದ ಮೇಲೆ ಕೂತಿದ್ದ ಮೆಕ್ಯಾನಿಕ್ ಎದ್ದು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ, ಲೋಟ ಅವನ ಕೈಗೆ ಕೊಟ್ಟು, "ನಿಧಾನಕ್ಕೆ ಹಾಡಿ ಅಣ್ಣ" ಅಂದ.