ಗಾಣದ ವ್ಯವಹಾರದಲ್ಲಿ ಬಂಡವಾಳ ಬೇಕಾಗುವುದು ಬೀಜಕ್ಕೆ

ತುಮಕೂರಿನ ಹೊರವಲಯದಲ್ಲಿ ನಾನು ನಡೆಸುತ್ತಿರುವುದು ಒಂದೇ ಒಂದು ಮರದ ಗಾಣವಿರುವ ಸಣ್ಣ ಎಣ್ಣೆ ಘಟಕ. ಇಂಥದ್ದೊಂದನ್ನು ತಾವೂ ಆರಂಭಿಸಬೇಕೆಂದು ನೋಡಲು ಬರುವವರು ಗಾಣಕ್ಕೆ ಎಷ್ಟಾಯಿತು, ಎಲ್ಲಿಂದ ತರಿಸಿದಿರಿ, ಮೋಟಾರು ಎಷ್ಟು ಎಚ್‌ಪಿಯದು ಎಂದು ವಿಚಾರಿಸುತ್ತಾರೆ. ಕಡಲೆಕಾಯಿಯನ್ನು ಯಾವ ತಿಂಗಳಲ್ಲಿ ಕೊಳ್ಳುತ್ತೀರಿ, ಹಿಂಡಿಯನ್ನು ಯಾರಿಗೆ ಮಾರುತ್ತೀರಿ ಎಂದು ಕೇಳುವವರು ಅಪರೂಪ. ಗಾಣವನ್ನು ಒಮ್ಮೆ ಕೊಂಡರೆ ಮುಗಿಯಿತು, ಬೀಜವನ್ನು ಮಾತ್ರ ವರ್ಷವರ್ಷವೂ ಕೊಳ್ಳುತ್ತಲೇ ಇರಬೇಕು. ನನ್ನ ಲಾಭನಷ್ಟವೆಲ್ಲ ತೀರ್ಮಾನವಾಗುವುದು ಆ ಖರೀದಿಯಲ್ಲಿ ಮತ್ತು ಹಿಂಡಿಯ ಮಾರಾಟದಲ್ಲಿ.

ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಒಂದು ಕ್ವಿಂಟಾಲ್ ಒಳ್ಳೆಯ ಕಡಲೆಬೀಜವನ್ನು ಮರದ ಗಾಣದಲ್ಲಿ ಆಡಿಸಿದರೆ ಸುಮಾರು 40 ಕಿಲೋ ಎಣ್ಣೆ ಬರುತ್ತದೆ. ದೊಡ್ಡ ಗಿರಣಿಗಳ ಎಕ್ಸ್‌ಪೆಲ್ಲರ್ ಯಂತ್ರಗಳು ಇದಕ್ಕಿಂತ ಹೆಚ್ಚು ಹಿಂಡುತ್ತವೆ, ಆ ಸ್ಪರ್ಧೆಗೆ ನಾವು ಇಳಿಯಲು ಸಾಧ್ಯವಿಲ್ಲ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಒಂದು ಲೀಟರ್ ಕಡಲೆಕಾಯಿ ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಂ ಇರುತ್ತದೆ. ಅಂದರೆ 40 ಕಿಲೋ ಎಂಬುದು ಸುಮಾರು 44 ಲೀಟರ್ ಆಯಿತು. ಬೀಜದ ಬೆಲೆ ಕಿಲೋಗೆ 115 ರೂಪಾಯಿ ಎಂದಿಟ್ಟುಕೊಂಡರೆ ಕ್ವಿಂಟಾಲಿಗೆ 11,500 ರೂಪಾಯಿ. ಉಳಿಯುವ ಹಿಂಡಿ ಸುಮಾರು 56 ಕಿಲೋ; ಅದನ್ನು ಕಿಲೋಗೆ 38 ರೂಪಾಯಿಯಂತೆ ಕೊಟ್ಟರೆ 2,100 ರೂಪಾಯಿ ಮರಳಿ ಬರುತ್ತದೆ. ಎಣ್ಣೆಯ ಪಾಲಿಗೆ ಉಳಿಯುವ 9,400 ರೂಪಾಯಿಯನ್ನು 44 ಲೀಟರಿಗೆ ಹಂಚಿದರೆ ಲೀಟರಿಗೆ 214 ರೂಪಾಯಿ ಬರೀ ಬೀಜದ ಖರ್ಚು. ಕೂಲಿ, ವಿದ್ಯುತ್, ಬಾಡಿಗೆ, ಬಾಟಲಿ, ಲೇಬಲ್ ಎಂದು ಇನ್ನು 45 ರೂಪಾಯಿ ಸೇರಿಸಿ 300ಕ್ಕೆ ಮಾರಿದರೆ ಲೀಟರಿಗೆ ಸುಮಾರು 40 ರೂಪಾಯಿ ಕೈಯಲ್ಲಿ ಉಳಿಯುತ್ತದೆ.

ಈಗ ಬೀಜದ ಬೆಲೆ ಕಿಲೋಗೆ ಹತ್ತೇ ರೂಪಾಯಿ ಏರಿತೆನ್ನಿ. ಲೀಟರಿನ ಅಸಲು 23 ರೂಪಾಯಿ ಹೆಚ್ಚಾಗುತ್ತದೆ, ಉಳಿತಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅಲ್ಲಿಗೆ ಹೋಯಿತು. ಬೀಜದ ಬೆಲೆ ಏರದೆ ಹಿಂಡಿ ಮಾರಾಟವಾಗದೆ ಮೂಲೆಯಲ್ಲಿ ಉಳಿದರೆ ಲೀಟರಿಗೆ 48 ರೂಪಾಯಿ ಕಡಿಮೆಯಾಗಿ, ಎಣ್ಣೆಯೆಲ್ಲ ಖರ್ಚಾದರೂ ವ್ಯವಹಾರ ನಷ್ಟದಲ್ಲಿರುತ್ತದೆ. ಮಾರುಕಟ್ಟೆಯ ಅಂಕಿಗಳು ಪ್ರತಿ ವರ್ಷ ಬದಲಾಗುತ್ತವೆ, ಆದರೆ ಈ ಅನುಪಾತ ಹೆಚ್ಚು ಬದಲಾಗುವುದಿಲ್ಲ; ಹೊಸಬರು ತಮ್ಮ ಊರಿನ ದರಗಳನ್ನು ಹಾಕಿ ಇದೇ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು.

ಯಂತ್ರದ ಸಾಮರ್ಥ್ಯದ ಬಗ್ಗೆಯೂ ಇಂಥದೇ ಲೆಕ್ಕವಿದೆ. ನನ್ನ ಗಾಣದಲ್ಲಿ ಒಂದು ಸುತ್ತಿಗೆ 15 ಕಿಲೋ ಬೀಜ ಹಿಡಿಯುತ್ತದೆ, ಸುತ್ತು ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ, ದಿನಕ್ಕೆ ಒಂದು ಕ್ವಿಂಟಾಲ್ ಆಡಿಸುವುದು ಕಷ್ಟವಲ್ಲ. ಒಂದು ಕುಟುಂಬ ತಿಂಗಳಿಗೆ ಮೂರು ಲೀಟರ್ ಕಡಲೆಕಾಯಿ ಎಣ್ಣೆ ಬಳಸುತ್ತದೆಂದರೆ ನೂರು ಕುಟುಂಬಗಳಿಗೆ 300 ಲೀಟರ್, ಅದಕ್ಕೆ ಬೇಕಾದ ಬೀಜ ಸುಮಾರು ಏಳು ಕ್ವಿಂಟಾಲ್. ನೂರು ಖಾಯಂ ಗಿರಾಕಿಗಳನ್ನು ಸಂಪಾದಿಸಿದ ಮೇಲೂ ಗಾಣ ತಿಂಗಳಿಗೆ ಒಂದು ವಾರ ಓಡಿದರೆ ಸಾಕು ಎಂದಾಯಿತು. ಹೀಗಿರುವಾಗ ಮೊದಲ ದಿನವೇ ಎರಡು ಮೂರು ಗಾಣಗಳನ್ನು ಸಾಲಾಗಿ ನಿಲ್ಲಿಸಿ ಉದ್ಘಾಟನೆ ಮಾಡುವವರ ಧೈರ್ಯಕ್ಕೆ ನನಗೆ ಆಶ್ಚರ್ಯವಾಗುತ್ತದೆ.

ಖಾಲಿ ಉಳಿಯುವ ಆ ದಿನಗಳನ್ನು ನಾನು ಕೂಲಿಗೆ ಆಡಿಸಿಕೊಡುವುದಕ್ಕೆ ಬಿಟ್ಟಿದ್ದೇನೆ. ತುಮಕೂರು ಜಿಲ್ಲೆಯ ರೈತರ ಮನೆಗಳಲ್ಲಿ ಕೊಬ್ಬರಿ ಇದ್ದೇ ಇರುತ್ತದೆ. ಚೂರಾದ, ಮಂಡಿಯಲ್ಲಿ ಬೆಲೆ ಸಿಗದ ಕೊಬ್ಬರಿಯನ್ನು ಅವರು ಚೀಲದಲ್ಲಿ ತಂದು, ಕಿಲೋಗೆ ಇಷ್ಟೆಂದು ಕೂಲಿ ಕೊಟ್ಟು, ಎಣ್ಣೆಯನ್ನು ತಮ್ಮದೇ ಕ್ಯಾನಿನಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಇದರಲ್ಲಿ ನನ್ನ ಬಂಡವಾಳ ಒಂದು ರೂಪಾಯಿಯೂ ಸಿಕ್ಕಿಕೊಳ್ಳುವುದಿಲ್ಲ, ಉದ್ದರಿಯ ಮಾತೂ ಇಲ್ಲ. ಕಣ್ಣೆದುರಿಗೆ ತಮ್ಮ ಕೊಬ್ಬರಿ ಎಣ್ಣೆಯಾಗುವುದನ್ನು ಕಂಡವರು ಮುಂದೆ ಕಡಲೆಕಾಯಿ ಎಣ್ಣೆಗೂ ನಮ್ಮಲ್ಲಿಗೇ ಬರುತ್ತಾರೆ. ಆರಂಭದ ತಿಂಗಳುಗಳಲ್ಲಿ ಬಾಡಿಗೆಯನ್ನೂ ವಿದ್ಯುತ್ ಬಿಲ್ಲನ್ನೂ ತೀರಿಸಿದ್ದು ಈ ಕೂಲಿಯ ಹಣವೇ. ಒಂದು ಎಚ್ಚರಿಕೆ ಮಾತ್ರ ಬೇಕು: ಒಬ್ಬರ ಮಾಲಿಗೂ ಇನ್ನೊಬ್ಬರ ಮಾಲಿಗೂ ನಡುವೆ ಒರಳನ್ನು ಶುಚಿಗೊಳಿಸಬೇಕು, ತೂಕವನ್ನು ಅವರ ಎದುರೇ ಮಾಡಿ ಚೀಟಿ ಬರೆದುಕೊಡಬೇಕು. ಕೊಬ್ಬರಿ ಹಸಿಯಾಗಿದ್ದರೆ ಎಣ್ಣೆ ಕಡಿಮೆ ಬೀಳುತ್ತದೆ, ಬೇಗ ಮುಗ್ಗುವಾಸನೆಯೂ ಬರುತ್ತದೆ. ಅಂಥ ಚೀಲವನ್ನು ಇನ್ನೆರಡು ದಿನ ಒಣಗಿಸಿ ತನ್ನಿ ಎಂದು ವಾಪಸು ಕಳುಹಿಸಲು ಸಂಕೋಚ ಪಡಬಾರದು.

ಇನ್ನು ಖರೀದಿಯ ವಿಷಯ. ಚಳ್ಳಕೆರೆ, ಪಾವಗಡ, ಶಿರಾ, ಹಿರಿಯೂರು ಸೀಮೆಯಲ್ಲಿ ಮಳೆಯಾಶ್ರಿತ ಕಡಲೆಕಾಯಿಯನ್ನು ಜೂನ್, ಜುಲೈನಲ್ಲಿ ಬಿತ್ತಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೀಳುತ್ತಾರೆ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆಯುತ್ತಿದ್ದುದು ಈ ಬೆಳೆಯ ಬಲದಿಂದಲೇ. ಕೊಯ್ಲಿನ ಮಾಲು ಮಾರುಕಟ್ಟೆಗೆ ಒಟ್ಟಿಗೆ ಬರುವ ವಾರಗಳಲ್ಲಿ ಬೆಲೆ ಸಾಮಾನ್ಯವಾಗಿ ಇಳಿದಿರುತ್ತದೆ, ಬೇಸಿಗೆಯ ಹೊತ್ತಿಗೆ ಏರುತ್ತದೆ. ಕೇಂದ್ರ ಸರ್ಕಾರ 2025-26ಕ್ಕೆ ಸಿಪ್ಪೆಸಹಿತ ಕಡಲೆಕಾಯಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಕಾಯಿಯಿಂದ ಬೀಜ ಬರುವುದು ನೂರಕ್ಕೆ ಸುಮಾರು 70 ಎಂದು ಹಿಡಿದರೆ ಆ ದರದಲ್ಲಿ ಕೊಂಡ ಬೀಜ ಕಿಲೋಗೆ 104 ರೂಪಾಯಿಯಷ್ಟಾಗುತ್ತದೆ, ಒಡೆಸುವ ಕೂಲಿ ಮತ್ತು ಗಾಡಿ ಬಾಡಿಗೆ ಬೇರೆ. ಮಂಡಿಯಲ್ಲಿ ದಲ್ಲಾಳಿ ಹೇಳುವ ದರ ನ್ಯಾಯವಾದುದೇ ಎಂದು ಅಳೆಯಲು ಈ ಅಂಕಿಯನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿರುತ್ತೇನೆ.

ಆರು ತಿಂಗಳಿಗೆ ಬೇಕಾದಷ್ಟನ್ನು ಸುಗ್ಗಿಯಲ್ಲೇ ಕೊಂಡಿಡಬೇಕೆಂದರೆ, ಮೇಲಿನ ಲೆಕ್ಕದಂತೆ ಸುಮಾರು 42 ಕ್ವಿಂಟಾಲ್ ಬೀಜ, ನಾಲ್ಕೂವರೆ ಲಕ್ಷ ರೂಪಾಯಿಗೂ ಮೇಲಿನ ನಗದು ಬೇಕು. ಗಾಣ, ಮೋಟಾರು, ಕಾಯಿ ಒಡೆಯುವ ಯಂತ್ರ, ಶೆಡ್ಡು ಎಂದು ಇದ್ದ ಹಣವನ್ನೆಲ್ಲ ಖರ್ಚು ಮಾಡಿದವರು ಈ ಹಂತದಲ್ಲಿ ಕೈಚೆಲ್ಲಿ, ವಾರಕ್ಕೆ ಎರಡು ಮೂರು ಚೀಲದಂತೆ ಅಂಗಡಿ ದರದಲ್ಲಿ ಬೀಜ ಕೊಳ್ಳುತ್ತಾರೆ. ಆದುದರಿಂದ ನಾನು ಬಾಡಿಗೆ ಕಟ್ಟಡವನ್ನೇ ಹಿಡಿದೆ, ಕಾಯಿ ಒಡೆಯುವ ಯಂತ್ರವನ್ನು ಕೊಳ್ಳದೆ ಹೊರಗೇ ಒಡೆಸಿದೆ, ಉಳಿದ ಹಣವನ್ನು ದಾಸ್ತಾನಿಗೆ ಹಾಕಿದೆ.

ದಾಸ್ತಾನನ್ನು ಬೀಜದ ರೂಪದಲ್ಲಿ ಇಡುವುದಿಲ್ಲ, ಕಾಯಿಯಾಗಿಯೇ ಇಡುತ್ತೇನೆ. ಸಿಪ್ಪೆಯೊಳಗಿನ ಬೀಜ ಬಹುಕಾಲ ತಡೆಯುತ್ತದೆ. ಒಡೆದ ಬೀಜಕ್ಕೆ ಗಾಳಿ, ಬಿಸಿ ತಗುಲಿ ಕೆಲವು ತಿಂಗಳಲ್ಲೇ ಕನರು ವಾಸನೆ ಹತ್ತುತ್ತದೆ. ಜಾಗ ಹೆಚ್ಚು ಬೇಕೆಂಬುದು ನಿಜ, ಆದರೆ ಕೆಟ್ಟ ಬೀಜಕ್ಕಿಂತ ಹೆಚ್ಚಿನ ಬಾಡಿಗೆ ಅಗ್ಗ. ಕಾಯಿಯ ತೇವಾಂಶ ಶೇಕಡಾ 8ಕ್ಕಿಂತ ಕಡಿಮೆ ಇರಬೇಕು; ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು, ಕಡಿದರೆ ಪಟ್ಟೆಂದು ಮುರಿಯಬೇಕು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಗಳ ಮೇಲೆ ಪೇರಿಸಬೇಕು. ಕೀಳುವ ಹೊತ್ತಿಗೆ ಮಳೆ ಹಿಡಿದ ವರ್ಷ ಹೆಚ್ಚು ಜಾಗ್ರತೆ ಬೇಕಾಗುತ್ತದೆ, ಏಕೆಂದರೆ ಹಸಿಯುಳಿದ ಕಾಯಿಯಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ರಿಫೈನರಿಗಳಲ್ಲಿ ಎಣ್ಣೆಯನ್ನು ಕ್ಷಾರದಿಂದ ಶುದ್ಧೀಕರಿಸುವಾಗ ಅದು ಬಹುಮಟ್ಟಿಗೆ ಹೋಗುತ್ತದೆ. ಗಾಣದ ಎಣ್ಣೆಗೆ ಆ ಸಂಸ್ಕರಣೆ ಇಲ್ಲವಾದ್ದರಿಂದ ಬೀಜದಲ್ಲಿದ್ದ ದೋಷ ಎಣ್ಣೆಗೂ ಹಿಂಡಿಗೂ ಇಳಿಯುತ್ತದೆ. ಗಾಣದ ಎಣ್ಣೆ ಎಂದ ಮಾತ್ರಕ್ಕೆ ಅದು ಶುದ್ಧ ಎಂಬ ನಂಬಿಕೆಯನ್ನು ನಮ್ಮ ವೃತ್ತಿಯವರೇ ಹರಡುತ್ತಿರುವುದು ನನಗೆ ಸರಿಕಾಣುವುದಿಲ್ಲ. ಆಡಿಸುವ ಮೊದಲು ಬೂಷ್ಟು ಹಿಡಿದ, ಸುಕ್ಕಾದ, ಬಣ್ಣಗೆಟ್ಟ ಬೀಜವನ್ನು ಕೈಯಿಂದ ಆರಿಸಲು ನಾನು ಇಬ್ಬರು ಹೆಂಗಸರಿಗೆ ಕೂಲಿ ಕೊಡುತ್ತೇನೆ, ಆಗಾಗ ಎಣ್ಣೆಯನ್ನು ಪ್ರಯೋಗಾಲಯಕ್ಕೂ ಕಳುಹಿಸುತ್ತೇನೆ.

ಹಿಂಡಿಗೆ ಗಿರಾಕಿಯನ್ನು ಎಣ್ಣೆಗಿಂತ ಮೊದಲೇ ಹುಡುಕಿಕೊಳ್ಳಬೇಕು. ಮರದ ಗಾಣದ ಹಿಂಡಿಯಲ್ಲಿ ಎಣ್ಣೆಯ ಅಂಶ ಹೆಚ್ಚಾಗಿ ಉಳಿಯುವುದರಿಂದ ಹಾಲು ಕರೆಯುವವರು ಇಷ್ಟಪಟ್ಟು ಒಯ್ಯುತ್ತಾರೆ. ಅದೇ ಕಾರಣಕ್ಕೆ ಅದು ಬೇಗ ಮುಗ್ಗುತ್ತದೆ, ವಾರಗಟ್ಟಲೆ ಇಡುವಂತಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬರುವ ಸುತ್ತಲಿನ ಹಳ್ಳಿಗಳ ರೈತರಲ್ಲಿ ಕೆಲವರು ವಾರಕ್ಕೊಮ್ಮೆ ಬಂದು ಒಯ್ಯುವ ಏರ್ಪಾಡು ಮಾಡಿಕೊಂಡಿದ್ದೇನೆ, ಅವರಿಗೆ ಅಂಗಡಿಗಿಂತ ಎರಡು ರೂಪಾಯಿ ಕಡಿಮೆ. ಆ ಎರಡು ರೂಪಾಯಿಯನ್ನು ಉಳಿಸಲು ಹೋದರೆ ಹಿಂಡಿಯೇ ಉಳಿದುಬಿಡುತ್ತದೆ.

ಸರ್ಕಾರದ ಸಹಾಯಧನದ ಬಗ್ಗೆ ಎಲ್ಲರೂ ಕೇಳುತ್ತಾರೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಕಡೆಯಿಂದ ಯೋಜನಾ ವೆಚ್ಚದ ಶೇಕಡಾ 35, ಗರಿಷ್ಠ 10 ಲಕ್ಷ ರೂಪಾಯಿ ದೊರೆಯುವಂತಿತ್ತು. ಕರ್ನಾಟಕ ಸರ್ಕಾರ ಅದಕ್ಕೆ ಶೇಕಡಾ 15 ಸೇರಿಸಿ ಅರ್ಧದಷ್ಟಾಗುವಂತೆ ಮಾಡಿತು. ರಾಜ್ಯದಲ್ಲಿ ಇದರ ಹೊಣೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿಗಾಗಿ ಇರುವ ಸರ್ಕಾರಿ ನಿಗಮವಾದ ಕೆಪೆಕ್‌ನದು. ಅರ್ಜಿಯನ್ನೂ ಯೋಜನಾ ವರದಿಯನ್ನೂ ಸಿದ್ಧಪಡಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ನೆರವಾಗುತ್ತಾರೆ, ದಲ್ಲಾಳಿಗಳಿಗೆ ಹಣ ಕೊಡಬೇಕಾದ ಅಗತ್ಯವಿಲ್ಲ. ಆದರೆ ಇದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ. ಸ್ವಂತದ ಪಾಲು ಕನಿಷ್ಠ ಶೇಕಡಾ 10 ಇರಬೇಕು, ಮಂಜೂರಾದ ಹಣ ನಮ್ಮ ಕೈಗೆ ಬರದೆ ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಕುಳಿತು, ಮೂರು ವರ್ಷ ಘಟಕ ನಡೆದು ಸಾಲದ ಕಂತುಗಳು ಸರಿಯಾಗಿ ಸಂದಾಯವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಆ ಹಣದಿಂದ ನವೆಂಬರಿನಲ್ಲಿ ಕಡಲೆಕಾಯಿ ಕೊಳ್ಳಬಹುದೆಂದು ಎಣಿಸಿದವರು ಇಕ್ಕಟ್ಟಿಗೆ ಸಿಲುಕುತ್ತಾರೆ. ದುಡಿಯುವ ಬಂಡವಾಳಕ್ಕೆ ಬೇರೆಯೇ ಸಾಲದ ಮಿತಿಯನ್ನು ಬ್ಯಾಂಕಿನಲ್ಲಿ ಕೇಳಿ ಪಡೆಯಬೇಕು. ಜಾಮೀನಿಲ್ಲದ ಮುದ್ರಾ ಸಾಲ ಅದಕ್ಕೂ ಸಿಗುತ್ತದೆ.

ಕಾಗದಪತ್ರಗಳು ಕೇಳುವುದಕ್ಕೆ ಭಯ ಹುಟ್ಟಿಸಿದರೂ ನಿಜವಾಗಿ ಅಷ್ಟು ಭಾರವಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ ಕೇಂದ್ರದ ಉದ್ಯಮ್ ನೋಂದಣಿ ಉಚಿತ. ನಾನು ಆರಂಭಿಸಿದಾಗ ವಾರ್ಷಿಕ ವಹಿವಾಟು 12 ಲಕ್ಷ ಮೀರದವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ವಿದ್ಯುತ್ ಸಂಪರ್ಕವನ್ನು ವಾಣಿಜ್ಯ ವರ್ಗದಲ್ಲಿ ಪಡೆಯದೆ ಕೈಗಾರಿಕೆಗಳ ಎಲ್‌ಟಿ-5 ಎಂಬ ದರವರ್ಗದಲ್ಲೇ ಕೇಳಬೇಕು. ಹೆಚ್ಚು ತೊಡಕಿರುವುದು ಮಾರಾಟದ ಕ್ರಮದಲ್ಲಿ. ಗಿರಾಕಿಗಳು ಪಾತ್ರೆ ತಂದು ಎರಡು ಲೀಟರ್ ಅಳೆದು ಹಾಕಿ ಎನ್ನುತ್ತಾರೆ, ಖಾದ್ಯ ತೈಲವನ್ನು ಬಿಡಿಯಾಗಿ ಮಾರುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸುತ್ತವೆ. ಮೊಹರು ಮಾಡಿದ ಬಾಟಲಿಯ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು, ಗರಿಷ್ಠ ಬೆಲೆ, ದೂರು ಹೇಳಲು ದೂರವಾಣಿ ಸಂಖ್ಯೆ ಇರಲೇಬೇಕು. ಪ್ರಮಾಣವನ್ನು ಲೀಟರಿನ ಜೊತೆಗೆ ಗ್ರಾಮಿನಲ್ಲೂ ಬರೆಯುವುದರಿಂದ ಬೆಲೆ ಹೋಲಿಸಿ ನೋಡುವ ಗಿರಾಕಿಯ ಅರ್ಧ ಅನುಮಾನಗಳು ಅಲ್ಲೇ ಪರಿಹಾರವಾಗುತ್ತವೆ. ಹೃದ್ರೋಗ ವಾಸಿಯಾಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂದು ಫಲಕ ಹಾಕುವವರು, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ ಎಂಬುದನ್ನು ತಿಳಿದಿರಬೇಕು.

ಅಂಗಡಿಗಳಿಗೆ ಹಾಕುವ ಆಸೆಯನ್ನು ನಾನು ಬಹಳ ಮಟ್ಟಿಗೆ ಬಿಟ್ಟಿದ್ದೇನೆ. ಅವರು ಕೇಳುವ ಕಮಿಷನ್ ಕೊಟ್ಟರೆ ಮೇಲೆ ಹೇಳಿದ 40 ರೂಪಾಯಿ ಪೂರ್ತಿ ಅವರಿಗೇ ಹೋಗುತ್ತದೆ, ಹಣವೂ ತಿಂಗಳು ಒಂದೂವರೆ ತಿಂಗಳ ನಂತರ ಬರುತ್ತದೆ. ಗಾಣದ ಎದುರಿನ ಮಾರಾಟ ಮತ್ತು ಮನೆಗಳಿಗೆ ನೇರ ವಿತರಣೆ, ಇವೆರಡರಲ್ಲೇ ನಗದು ತಿರುಗುತ್ತದೆ. ಈ ಹಣವೆಲ್ಲ ಈಗ ಫೋನಿನಲ್ಲೇ ಬರುವುದರಿಂದ ಮನೆಖರ್ಚಿನ ಖಾತೆಯಿಂದ ವ್ಯವಹಾರದ ಖಾತೆಯನ್ನು ಬೇರ್ಪಡಿಸಿದ್ದೇನೆ. 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ, ನೆಂಟರು ಕೊಟ್ಟ ಕೈಸಾಲ ಯಾವುದು, ಮಾರಾಟದ ಹಣ ಯಾವುದು ಎಂದು ವಿಂಗಡಿಸಲಾಗದೆ ಅನೇಕರು ಪೇಚಿಗೆ ಸಿಕ್ಕಿದ್ದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷದ ವಹಿವಾಟು. ಹಿಂದೂಪುರದ ಕಡೆಯಿಂದ ಗಿರಾಕಿ ಸಿಕ್ಕರೆಂದು ಗಡಿ ದಾಟಿಸಿ ಮಾಲು ಕಳುಹಿಸುವವರಿಗೆ ಆ ಮಿತಿಯ ರಕ್ಷಣೆ ಇರುವುದಿಲ್ಲ, ಮೊದಲೇ ನೋಂದಣಿ ಮಾಡಿಸಬೇಕಾಗುತ್ತದೆ.

ಕೊನೆಯದಾಗಿ, ಗಾಣ ಆಡಿಸುವವರ ವಿಷಯ. ಒರಳಿನಲ್ಲಿ ಬೀಜ ಎಷ್ಟು ನುರಿದಾಗ ನೀರು ಚಿಮುಕಿಸಬೇಕು, ಯಾವಾಗ ಹಿಂಡಿಯನ್ನು ಕೆರೆದು ಮತ್ತೆ ತಿರುಗಣೆಗೆ ಕೊಡಬೇಕು ಎಂಬುದು ಕೈಗೆ ಹತ್ತಿದ ವಿದ್ಯೆ. ನುರಿತವರು ಆಡಿಸಿದ ಕ್ವಿಂಟಾಲಿಗೂ ಹೊಸಬರು ಆಡಿಸಿದ್ದಕ್ಕೂ ಎರಡು ಕಿಲೋ ಎಣ್ಣೆಯ ವ್ಯತ್ಯಾಸ ಬರುವುದನ್ನು ನನ್ನ ಪುಸ್ತಕದಲ್ಲೇ ಕಂಡಿದ್ದೇನೆ. ಎರಡು ಕಿಲೋ ಎಂದರೆ ಇಂದಿನ ದರದಲ್ಲಿ 600 ರೂಪಾಯಿಗೂ ಹೆಚ್ಚು. ನಮ್ಮಲ್ಲಿ ಆಡಿಸುವವರು ಗಾಣದ ಮನೆತನದವರೇ, ನನಗಿಂತ ಹಿರಿಯರು. ಗಾಣ ನಿಂತಿರುವ ದಿನಗಳಲ್ಲೂ ಅವರಿಗೆ ಸಂಬಳ ಸಲ್ಲುತ್ತದೆ. ಆ ದಿನಗಳಲ್ಲಿ ಅವರು ಡ್ರಮ್ಮಿನ ತಳದ ಮಡ್ಡಿಯನ್ನು ಬೇರ್ಪಡಿಸಿ, ತಿಳಿಯಾದ ಎಣ್ಣೆಯನ್ನು ಸೋಸಿ ತುಂಬಿಸುತ್ತಾರೆ, ನವೆಂಬರಿನಲ್ಲಿ ನನ್ನ ಜೊತೆ ಮಂಡಿಗೆ ಬಂದು ಯಾವ ಚೀಲವನ್ನು ಕೊಳ್ಳಬೇಕೆಂದು ತೋರಿಸುತ್ತಾರೆ.